ಗುಜರಿ ಪ್ಯಾಲೆಟ್ ಮೇಲೆ ಕೊಕೊಪೀಟ್ ಪೇರಿಸುವ ಮುಂಚೆ ಇದನ್ನು ಓದಿ

ಅಣ್ಣ, ಗುಜರಿಯಿಂದ ತಂದ ಮರದ ಪ್ಯಾಲೆಟ್‌ಗೆ (ಮಾಲು ಪೇರಿಸುವ ಅಡಿಮಣೆ) ಹೊಸ ಹಲಗೆ ಹೊಡೆಸಿ, ನೆದರ್‌ಲ್ಯಾಂಡ್ಸ್‌ಗೆ ಹೋಗುವ 5 ಕೆಜಿ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಬ್ಲಾಕ್ ಪೇರಿಸಿರುವ ನಿಮ್ಮ ಫೋಟೊ ನೋಡಿದೆ. ‘ಇದೇ ಸಾಕಾ, ಪ್ಲಾಸ್ಟಿಕ್ ತಗೊಳ್ಳಲಾ’ ಅಂತ ಕೇಳಿದ್ದೀರಿ. ಮೊದಲು ಆ ಸ್ಟಫಿಂಗ್ (ಕಂಟೇನರಿಗೆ ಮಾಲು ತುಂಬುವುದು) ನಿಲ್ಲಿಸಿ. ನಾನೂ ಇದೇ ಮಾಡಿ ಕೈ ಸುಟ್ಟುಕೊಂಡವನು.

ನನ್ನ 20 ಪ್ಯಾಲೆಟ್‌ಗಳಲ್ಲಿ 3ಕ್ಕೆ ನಮ್ಮೂರ ಬಡಗಿ ಹಲಗೆ ಬದಲಾಯಿಸಿದ್ದರು. ಮರ ಹುಳ ಸಾಯುವಂತೆ ಟ್ರೀಟ್ ಆಗಿದೆ ಅನ್ನುವ ಹಳೇ ಸೀಲು ಕಾಣುತ್ತಿತ್ತು, ಸಾಕು ಅಂದುಕೊಂಡೆ. ಹೊಸ ಹಲಗೆಯಲ್ಲಿ ತೊಗಟೆ ಇತ್ತು, ಒಳಗೆ ಕುಟ್ಟೆ ಹಿಡಿದಿತ್ತು. ಆ ಕಡೆ ಬಂದರಿನಲ್ಲಿ ಕಂಟೇನರ್ ತಡೆದರು. ನಿಂತ ದಿನಗಳ ಬಾಡಿಗೆ, ಮಾಲು ಇಳಿಸಿ ಬೇರೆ ಪ್ಯಾಲೆಟ್‌ಗೆ ಹಾಕಿಸಿದ ಖರ್ಚು ಸೇರಿ ಆ ಲೋಡಿನ ಲಾಭ ಪೂರ್ತಿ ಹೋಯಿತು. ಮರದ ಪ್ಯಾಕಿಂಗಿನ ಅಂತರರಾಷ್ಟ್ರೀಯ ನಿಯಮ ಐಎಸ್‌ಪಿಎಂ 15 ಪ್ರಕಾರ ರಿಪೇರಿಗೆ ಹಾಕುವ ಮರವೂ ಟ್ರೀಟ್ ಆಗಿರಬೇಕು, ಪ್ರತಿ ಹೊಸ ತುಂಡಿಗೂ ಸೀಲು ಬೇಕು. ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಬದಲಾಯಿಸಿದರೆ ಹಳೇ ಸೀಲೆಲ್ಲ ಅಳಿಸಿ ಪೂರ್ತಿ ಪ್ಯಾಲೆಟ್ ಮತ್ತೆ ಟ್ರೀಟ್ ಮಾಡಿಸಬೇಕು. ‘ಫೈಟೋ ಇದೆಯಲ್ಲ’ ಅಂತ ಹೇಳಬೇಡಿ. ಫೈಟೋ (ಸಸ್ಯ ಆರೋಗ್ಯದ ಸರ್ಟಿಫಿಕೇಟ್) ಮಾಲಿಗೆ, ಸೀಲು ಮರಕ್ಕೆ.

ಇಲ್ಲಿ ತುಂಬಾ ಜನ ಎಚ್‌ಟಿ (ಹೀಟ್ ಟ್ರೀಟ್‌ಮೆಂಟ್) ಸೀಲು ಅಂದರೆ ಒಣಗಿದ ಮರ ಅಂತ ತಿಳಿದಿದ್ದಾರೆ. ಅಲ್ಲವೇ ಅಲ್ಲ. ಮರದ ತಿರುಳು 56 ಡಿಗ್ರಿಯಲ್ಲಿ 30 ನಿಮಿಷ ಇದ್ದರೆ ಹುಳ ಸಾಯುತ್ತದೆ, ನೀರು ಬಹುಪಾಲು ಉಳಿಯುತ್ತದೆ. ಹಸಿ ಮರ ಮುಚ್ಚಿದ ಕಂಟೇನರಿನಲ್ಲಿ ವಾರಗಟ್ಟಲೆ ಕೂತರೆ ಆ ನೀರು ಆವಿಯಾಗಿ ಮೇಲಿನ ತಗಡಿಗೆ ತಾಗಿ ಬ್ಲಾಕ್ ಮೇಲೆ ತೊಟ್ಟಿಕ್ಕುತ್ತದೆ. ಆಮೇಲೆ ಬೂಸು. ಅದಕ್ಕೆ ನಾನು ಮೊಳೆ ಚುಚ್ಚಿ ಮರದ ತೇವ ಅಳೆಯುವ ಮಾಯಿಶ್ಚರ್ ಮೀಟರ್ ಇಟ್ಟಿದ್ದೇನೆ. ಪ್ಯಾಲೆಟ್ ಲಾರಿಯಿಂದ ಇಳಿಯುವಾಗಲೇ ಪ್ರತಿಯೊಂದಕ್ಕೂ ಮೂರು ಕಡೆ ಚುಚ್ಚುತ್ತೇನೆ. ಮೇಲಿನ ತೆಳು ಹಲಗೆಗೆ ಚುಚ್ಚಿ ಸುಮ್ನೆ ಸಮಾಧಾನ ಪಟ್ಟುಕೊಳ್ಳಬೇಡಿ, ಅದು ಬೇಗ ಒಣಗಿರುತ್ತದೆ. ಕೆಳಗಿನ ದಪ್ಪ ತುಂಡಿಗೆ ಚುಚ್ಚಿ. ತೇವ ಶೇ. 18 ದಾಟಿದರೆ ನಾನು ವಾಪಸ್ ಕಳಿಸುತ್ತೇನೆ. ಸಪ್ಲೈಯರ್ ಮುಖ ಗಂಟಿಕ್ಕುತ್ತಾರೆ, ಗಂಟಿಕ್ಕಲಿ. ಮಳೆಗಾಲದಲ್ಲಿ ಇದನ್ನು ಬಿಡಲೇಬೇಡಿ. ರಬ್ಬರ್ ಮರವಾದರೆ ಇನ್ನೂ ಹುಷಾರು, ಅದಕ್ಕೆ ಕುಟ್ಟೆ ಬೇಗ ಬೀಳುತ್ತದೆ.

ಇನ್ನು ಪ್ಲಾಸ್ಟಿಕ್. ಸೀಲಿನ ತಲೆನೋವಿಲ್ಲ, ನೀರು ಹೀರುವುದಿಲ್ಲ, ನಿಜ. ಆದರೆ ಬಯರ್ ರ‍್ಯಾಕ್ ಮೇಲೆ ಇಡುತ್ತಾರಾ ಅಂತ ಕೇಳಿದ್ದೀರಾ? ಒಂದು ಪ್ಯಾಲೆಟ್‌ಗೆ 240 ಬ್ಲಾಕ್ ಅಂದರೆ 1,200 ಕೆಜಿ. ಒಂಬತ್ತು ಕಾಲಿನ ಹಗುರ ಎಕ್ಸ್‌ಪೋರ್ಟ್ ಪ್ಯಾಲೆಟ್ ನೆಲದ ಮೇಲೆ ಇದನ್ನು ಹೊತ್ತರೂ ರ‍್ಯಾಕಿನಲ್ಲಿ ಬಾಗಿಬಿಡುತ್ತದೆ. ಕ್ಯಾಟಲಾಗಿನಲ್ಲಿ ದೊಡ್ಡದಾಗಿ ಹಾಕಿರುವುದು ಸ್ಟ್ಯಾಟಿಕ್ ಲೋಡ್, ಅಂದರೆ ನೆಲದ ಮೇಲೆ ನಿಂತಾಗ ಹೊರುವ ಭಾರ. ನೀವು ನೋಡಬೇಕಾದದ್ದು ರ‍್ಯಾಕಿನಲ್ಲಿ ಹೊರುವ ಭಾರ, ಅಂದರೆ ರ‍್ಯಾಕಿಂಗ್ ಲೋಡ್. ರ‍್ಯಾಕ್‌ಗೆ ತಡೆಯುವ ಗಟ್ಟಿ ಪ್ಲಾಸ್ಟಿಕ್ ತಗೊಂಡರೆ ಅದು ಬಯರ್ ಹತ್ತಿರವೇ ಉಳಿಯುತ್ತದೆ, ವಾಪಸ್ ಬರುವುದಿಲ್ಲ. ಆ ದುಡ್ಡು ಯಾರು ಕೊಡುತ್ತಾರೆ? ನೀಲ್‌ಕಮಲ್, ಸುಪ್ರೀಂ ಪ್ಯಾಲೆಟ್‌ಗಳನ್ನು ನನ್ನ ಯಾರ್ಡಿಗೆ ಮಾತ್ರ ಇಟ್ಟುಕೊಂಡಿದ್ದೇನೆ, ತೊಳೆಯುವುದಕ್ಕೆ ಸುಲಭ, ಚೆನ್ನಾಗಿ ಬಾಳಿಕೆ ಬಂದಿವೆ. ಬ್ರ್ಯಾಂಡ್ ಇಲ್ಲದ ಕಪ್ಪು ರೀಸೈಕಲ್ಡ್ ಮಾಲು ಬೇಡವೇ ಬೇಡ. ನಮ್ಮ ಬಿಸಿಲಿಗೆ ಒಂದು ಬೇಸಿಗೆಯಲ್ಲೇ ಮೂಲೆ ಒಡೆದವು.

ಹಗುರ ಮಾಲು, ನೆಲದ ಮೇಲೇ ಇಡುವ ಬಯರ್ ಆದರೆ ಪ್ಲಾಸ್ಟಿಕ್ ತಗೊಳ್ಳಿ. ಪ್ಲಾಸ್ಟಿಕ್ ಜಾರುತ್ತದೆ, ಆದ್ದರಿಂದ ಆ್ಯಂಟಿಸ್ಲಿಪ್ ಶೀಟ್ ಹಾಕಿ, ಸ್ಟ್ರೆಚ್ ಫಿಲ್ಮನ್ನು ಪ್ಯಾಲೆಟ್‌ನ ಕಾಲಿಗೂ ಸೇರಿಸಿ ಸುತ್ತಿ. ನಿಮ್ಮ ಬ್ಲಾಕಿಗೆ ಹೊಸದು, ಒಣಗಿದ್ದು, ಎಚ್‌ಟಿ ಸೀಲಿನ ಮರವೇ ಸರಿ. ಪ್ರತಿ ಪ್ಯಾಲೆಟ್‌ನ ಸೀಲು ಕಾಣುವಂತೆ ಫೋಟೊ ತೆಗೆದು ಸಿಎಚ್‌ಎಗೆ (ನಿಮ್ಮ ಕಸ್ಟಮ್ಸ್ ಏಜೆಂಟ್) ಕಳಿಸಿಡಿ.

ಇನ್ನೊಂದು, ಇದನ್ನು ಎಲ್ಲರೂ ಮರೆಯುತ್ತಾರೆ. ಪ್ಯಾಲೆಟ್ ಅಲ್ಲಾಡದಂತೆ ಸಂದಿಗೆ ತುರುಕುವ ಕಟ್ಟಿಗೆ ತುಂಡಿಗೂ ಸೀಲು ಬೇಕು. ಲೋಡ್ ಮಾಡುವ ಹುಡುಗರು ಸಿಕ್ಕಿದ ಸೌದೆ ತುರುಕುತ್ತಾರೆ, ನೀವೇ ನಿಂತು ನೋಡಿ. ಸಂದಿಗೆ ಗಾಳಿ ತುಂಬುವ ಏರ್ ಬ್ಯಾಗ್ ಹಾಕಿದರೆ ಆ ಗೋಜೇ ಇಲ್ಲ. ಖಾಲಿ ಕಂಟೇನರ್ ಬಂದಾಗ ಒಬ್ಬರು ಒಳಗೆ ನಿಂತು, ಹೊರಗಿನಿಂದ ಬಾಗಿಲು ಹಾಕಿಸಿ ನೋಡಲಿ. ಎಲ್ಲಾದರೂ ಬೆಳಕು ಕಂಡರೆ ಅಲ್ಲಿಂದ ಮಳೆ ನೀರೂ ಬರುತ್ತದೆ. ಅಂಥ ಕಂಟೇನರ್ ತಗೊಳ್ಳಬೇಡಿ, ಬೇರೆ ಕೇಳಿ.