ಓದದೆ ಹಾಕಿದ ಟಿಕ್

ಆಪ್ತಸಮಾಲೋಚನೆಗೆಂದು ನನ್ನ ಹತ್ತಿರ ಬಂದ ಇವರನ್ನು ಇಲ್ಲಿ ಟೀಚರ್ ಎಂದೇ ಕರೆಯುತ್ತೇನೆ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ವಯಸ್ಸು ನಲವತ್ತರ ಆಸುಪಾಸು. ಹೈಸ್ಕೂಲಿನಲ್ಲಿ ಭಾಷೆ ಕಲಿಸುತ್ತಾರೆ. 17 ವರ್ಷದ ಸರ್ವಿಸ್.

ಮೊದಲ ದಿನ ಬಂದು ಕೂತವರೇ ಬ್ಯಾಗಿನಿಂದ ಒಂದು ಹಾಳೆ ತೆಗೆದು ಮೇಜಿನ ಮೇಲಿಟ್ಟರು. ರಾಜೀನಾಮೆ ಪತ್ರ. ದಿನಾಂಕದ ಜಾಗ ಮಾತ್ರ ಖಾಲಿ. "ಇದನ್ನ ಕೊಡ್ಲಾ ಬೇಡ್ವಾ, ಅಷ್ಟು ಹೇಳಿ ಸರ್, ಸಾಕು" ಅಂದರು.

ಅದು ನಾನು ಹೇಳುವ ಮಾತಲ್ಲ. ಪತ್ರ ಬರೆಯುವಂಥದ್ದು ಏನಾಯಿತು ಅಂತ ಕೇಳಿದೆ. ತುಂಬಾ ಹೊತ್ತು ಸುಮ್ಮನಿದ್ದು ಒಂದು ನೋಟ್‌ಬುಕ್ಕಿನ ವಿಷಯ ಹೇಳಿದರು.

ಪ್ರಬಂಧದ ಪುಸ್ತಕಗಳು. ಒಂದೇ ರಾತ್ರಿ ಅರವತ್ತಕ್ಕೂ ಜಾಸ್ತಿ ನೋಡಿ ಮುಗಿಸಿದ್ದರು. ಮರುದಿನ ಹಂಚಿದ ಮೇಲೆ ಒಬ್ಬಳು ಹುಡುಗಿ ಹತ್ತಿರ ಬಂದು, "ನನ್ನದು ಓದಿದ್ರಾ ಮಿಸ್?" ಅಂದಳು. "ಓದದೆ ಟಿಕ್ ಹಾಕ್ತೀನಾ?" ಅಂದರು ಇವರು. ಹುಡುಗಿ ಮಾತಾಡದೆ ಪುಸ್ತಕವನ್ನು ಮೇಜಿನ ಮೇಲೆ ತೆರೆದಿಟ್ಟು ಹೋದಳು. ರಜೆಯಲ್ಲಿ ಅಜ್ಜಿ ತೀರಿಕೊಂಡದ್ದನ್ನು ಬರೆದಿದ್ದಳು. ಕೊನೆಯವರೆಗೂ ಅಜ್ಜಿಯ ಕೈ ಹಿಡಿದು ಕೂತಿದ್ದವಳು ಅವಳೇ. ಆ ಸಾಲಿನ ಪಕ್ಕದಲ್ಲೇ ಕೆಂಪು ಟಿಕ್. ಕೆಳಗೆ 'ಚೆನ್ನಾಗಿದೆ', ಸಹಿ, ದಿನಾಂಕ.

"ಓದದೆ ಟಿಕ್ ಹಾಕಿದ್ದು ಬಿಡಿ ಸರ್, ಎಲ್ಲರೂ ಒಮ್ಮೊಮ್ಮೆ ಮಾಡ್ತೀವಿ. ಅದನ್ನ ಓದಿದ ಮೇಲೂ ನನಗೆ ಏನೂ ಅನ್ನಿಸಲಿಲ್ಲ. ಪುಸ್ತಕ ಮುಚ್ಚಿ ಮುಂದಿನ ಪೀರಿಯಡ್‌ಗೆ ಹೋದೆ."

ಉಳಿದದ್ದು ಒಂದೊಂದಾಗಿ ಹೊರಬಂತು. ಭಾನುವಾರ ಮಧ್ಯಾಹ್ನವೇ ಶುರುವಾಗುವ ಹೊಟ್ಟೆ ಸಂಕಟ. ಬೆಳಗಿನ ಜಾವ ಮೂರಕ್ಕೆ ಎಚ್ಚರ. ದೊಡ್ಡ ರಜೆ ಮುಗಿಸಿ ಬಂದು ಹತ್ತೇ ದಿನಕ್ಕೆ ಮತ್ತೆ ಅದೇ ಸುಸ್ತು. ಮಾತಿನ ಮಧ್ಯೆ "ಆ ಹಿಂದಿನ ಬೆಂಚಿನವು" ಅಂದರು. ಬೆಂಚಿನವರು ಅಲ್ಲ, ಬೆಂಚಿನವು. ಮಕ್ಕಳನ್ನು ಪ್ರೀತಿಯಿಂದಲೂ ಹಾಗೆ ಅನ್ನುತ್ತೇವೆ, ನಿಜ. ಇವರ ದನಿಯಲ್ಲಿ ಅದು ಇರಲಿಲ್ಲ. ನಾನು ಡೈರಿಯಲ್ಲಿ ಮೊದಲು ಬರೆದುಕೊಂಡದ್ದೇ ಆ ಪದ.

ಈ ಸ್ಥಿತಿಗೆ ಬರ್ನ್‌ಔಟ್ ಅನ್ನುತ್ತಾರೆ. 1974ರಲ್ಲಿ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ ಎಂಬ ಮನಶ್ಶಾಸ್ತ್ರಜ್ಞರು ಉಚಿತ ಚಿಕಿತ್ಸಾಲಯದಲ್ಲಿ ದುಡಿಯುವವರಲ್ಲಿ ಇದನ್ನು ಕಂಡು ಬರೆದರು. ಅವರೂ ಅಲ್ಲೇ ದುಡಿದು ಬಸವಳಿದವರು. ಆಮೇಲೆ ಕ್ರಿಸ್ಟೀನಾ ಮ್ಯಾಸ್ಲಾಕ್ ಎಂಬ ಮನಶ್ಶಾಸ್ತ್ರಜ್ಞೆ ಇದರ ಮೂರು ಮುಖ ಗುರುತಿಸಿದರು. ಒಳಗೆ ಬರಿದಾಗುವುದು, ಎದುರಿಗಿರುವವರ ಬಗ್ಗೆ ಕಲ್ಲಾಗುವುದು, ನನ್ನಿಂದ ಏನೂ ಆಗುತ್ತಿಲ್ಲ ಅನ್ನಿಸುವುದು. ಮೊದಲನೆಯದು ಎಲ್ಲರಿಗೂ ಗೊತ್ತಾಗುತ್ತದೆ. ಎರಡನೆಯದನ್ನು ಎಷ್ಟೋ ಶಿಕ್ಷಕರು 'ಅನುಭವ ಬಂತು' ಅಂದುಕೊಂಡು ವರ್ಷಗಟ್ಟಲೆ ಕಳೆಯುತ್ತಾರೆ.

ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯ 11ನೇ ಆವೃತ್ತಿ 2022ರ ಜನವರಿಯಲ್ಲಿ ಜಾರಿಗೆ ಬಂತು. ಅದರಲ್ಲಿ ಬರ್ನ್‌ಔಟ್ ಇದೆ, ಆದರೆ ಕಾಯಿಲೆ ಅಂತ ಅಲ್ಲ. ಕೆಲಸದ ಒತ್ತಡ ಬಗೆಹರಿಯದೆ ಬಹುಕಾಲ ಉಳಿದಾಗ ಬರುವ ಸ್ಥಿತಿ ಅಂತ. ಇದನ್ನು ಟೀಚರ್‌ಗೆ ಬಿಡಿಸಿ ಹೇಳಿದೆ. ಯಾಕೆಂದರೆ ತಾನು ಸೋಮಾರಿ, ಮನಸ್ಸಿಲ್ಲದವಳು ಅಂತ ತೀರ್ಪು ಕೊಟ್ಟುಕೊಂಡೇ ಅವರು ಬಂದಿದ್ದರು.

ಮೊದಲ ಸಲಹೆ, ಡಾಕ್ಟರ ಹತ್ತಿರ ಹೋಗಿ ಬನ್ನಿ ಅಂತ. ಥೈರಾಯ್ಡ್ ಏರುಪೇರು, ರಕ್ತಹೀನತೆ ಎರಡೂ ಇದೇ ಥರ ಸುಸ್ತು ಮಾಡಿಸುತ್ತವೆ. ಅವರಿಗೆ ಎರಡೂ ಇರಲಿಲ್ಲ. ಖಿನ್ನತೆ ಇದೆಯಾ ಅಂತಲೂ ನೋಡಿದೆ. ಬದುಕು ಬೇಡ ಅನ್ನಿಸಿದ್ದುಂಟಾ ಅಂತ ನೇರವಾಗಿಯೇ ಕೇಳಿದೆ. ಇಲ್ಲ ಅಂದರು. ತಂಗಿಯ ಮಗುವಿನ ಜೊತೆ ಇದ್ದಾಗ ಈಗಲೂ ಹೊಟ್ಟೆ ತುಂಬಾ ನಗುತ್ತಾರಂತೆ. ಖಿನ್ನತೆ ಆಗಿದ್ದರೆ ಸಾಮಾನ್ಯವಾಗಿ ಅದು ಮನೆ, ನಗು, ಹಸಿವು ಎಲ್ಲವನ್ನೂ ಆವರಿಸಿಕೊಳ್ಳುತ್ತದೆ. ಇವರಿಗೆ ಬಣ್ಣ ಹೋಗಿದ್ದು ಶಾಲೆಯ ಗೇಟಿನೊಳಗೆ ಮಾತ್ರ. ಎರಡೂ ಒಟ್ಟಿಗೆ ಇರುವುದೂ ಉಂಟು. ಅನುಮಾನ ಇದ್ದಿದ್ದರೆ ಮನೋವೈದ್ಯರ ಹತ್ತಿರ ಕಳಿಸುತ್ತಿದ್ದೆ.

ಎರಡನೆಯದು, ಪತ್ರ. ಬಿಡುವುದೂ ಒಂದು ದಾರಿಯೇ, ಅದು ಸೋಲಲ್ಲ. ಆದರೆ ಬರಿದಾದ ಹೊತ್ತಿನಲ್ಲಿ ನಿರ್ಧಾರ ಬೇಡ, ಮೂರು ತಿಂಗಳು ಇದು ನನ್ನ ಡ್ರಾಯರಿನಲ್ಲಿರಲಿ ಅಂದೆ. ಕೊಟ್ಟರು.

ಇಲ್ಲಿ ನಾನೊಂದು ತಪ್ಪು ಮಾಡಿದೆ. ಮುಂದಿನ ಭೇಟಿಯಲ್ಲಿ ದಿನಾ 20 ನಿಮಿಷ ಉಸಿರಾಟದ ಅಭ್ಯಾಸ, ವಾಕಿಂಗ್, ಡೈರಿ ಅಂತೆಲ್ಲ ಹೇಳಿಬಿಟ್ಟೆ. ಅವರು ನಕ್ಕರು. "ಸರ್, ನೀವೂ ಹೋಮ್‌ವರ್ಕ್ ಕೊಟ್ರಿ." ಸರಿಯಾಗೇ ಹೇಳಿದರು. ತುಂಬಿ ಚೆಲ್ಲುವ ಪಾತ್ರೆಗೆ ಒಳ್ಳೆಯ ನೀರು ಹಾಕಿದರೂ ಅದು ಚೆಲ್ಲುತ್ತದೆ, ಅಷ್ಟೇ. ಎಲ್ಲ ಬಿಟ್ಟು ಒಂದೇ ಕೇಳಿದೆ. ಒಂದು ವಾರ, ಪ್ರತಿ ಕೆಲಸದ ಮುಂದೆ ಹುರುಪು ಕೊಟ್ಟರೆ ಪ್ಲಸ್, ಸುಸ್ತು ಮಾಡಿದರೆ ಮೈನಸ್ ಹಾಕಿ ತನ್ನಿ.

ತಂದ ಹಾಳೆ ನೋಡಿ ಇಬ್ಬರಿಗೂ ಆಶ್ಚರ್ಯ. ಪಾಠದ ಪೀರಿಯಡ್‌ಗಳಲ್ಲಿ ಮೈನಸ್ ಜಾಸ್ತಿ ಇರಲಿಲ್ಲ, ಕೆಲವಕ್ಕೆ ಪ್ಲಸ್ ಕೂಡ ಇತ್ತು. ಮೈನಸ್ ಗುಂಪುಗಟ್ಟಿದ್ದು ಬೇರೆ ಕಡೆ. ರಜೆ ಹಾಕಿದವರ ಬದಲಿ ಪೀರಿಯಡ್, ಒಂದೇ ಮಾಹಿತಿಯನ್ನು ಮೂರು ನಮೂನೆಯಲ್ಲಿ ತುಂಬುವುದು, ರಾತ್ರಿ ಹತ್ತಾದರೂ ನಿಲ್ಲದ ಪೋಷಕರ ವಾಟ್ಸ್ಆಪ್ ಗುಂಪು. ಮೂರರಲ್ಲೂ ಇವರ ಕೈಯಲ್ಲಿ ಏನೂ ಇಲ್ಲ. ಅದೇ ಸುಸ್ತಿನ ಬೇರು. ಬೇರು ಅಲ್ಲೇ ಇರುವಾಗ ರಜೆ ಎಷ್ಟು ದಿನ ಕಾಯುತ್ತೆ?

ಹಾಗಾಗಿ ಸಲಹೆಗಳೂ ಅಲ್ಲಿಗೇ ಹೋದವು. ಸಂಜೆ 6ರ ನಂತರ ಬಂದ ಸಂದೇಶಕ್ಕೆ ಮರುದಿನ ಉತ್ತರಿಸುತ್ತೇನೆ ಅಂತ ಗುಂಪಿನಲ್ಲಿ ಒಂದು ಸಾಲು ಹಾಕಿ, ಫೋನ್ ಮಲಗುವ ಕೋಣೆಯಿಂದ ಹೊರಗಿಡಲು ಹೇಳಿದೆ. ಪೋಷಕರು ಜಗಳಕ್ಕೆ ಬರುತ್ತಾರೆ ಅಂತ ಹೆದರಿದ್ದರು. ಒಬ್ಬರು ಗೊಣಗಿದರು, ಅಷ್ಟೇ. ಮುಖ್ಯೋಪಾಧ್ಯಾಯರ ಹತ್ತಿರ ಗೋಳು ಹೇಳಿಕೊಳ್ಳದೆ ಎರಡೇ ಬೇಡಿಕೆ ಬರೆದು ಕೊಡಿ ಅಂದೆ. ವಾರಕ್ಕೆ ಎರಡಕ್ಕಿಂತ ಹೆಚ್ಚು ಬದಲಿ ಪೀರಿಯಡ್ ಬೇಡ, ಪರೀಕ್ಷಾ ಸಮಿತಿಯಿಂದ ಈ ವರ್ಷ ಬಿಡುವು ಬೇಕು. ಎರಡನೆಯದು ಸಿಕ್ಕಿತು. ಮೊದಲನೆಯದು ಇವತ್ತಿಗೂ ಸಿಕ್ಕಿಲ್ಲ.

ಜಾಸ್ತಿ ಚರ್ಚೆ ಆಗಿದ್ದು ನೋಟ್‌ಬುಕ್ಕಿನ ಬಗ್ಗೆ. ಎಲ್ಲವನ್ನೂ ನೋಡಬೇಡಿ, ದಿನಕ್ಕೆ ಹತ್ತು ಮಾತ್ರ ಪೂರ್ತಿ ಓದಿ, ಉಳಿದವು ಸರದಿಯಲ್ಲಿ ಬರಲಿ ಅಂದೆ. "ಎಲ್ಲಾ ನೋಡದಿದ್ರೆ ಮೋಸ ಅಲ್ವಾ ಸರ್?" ಅಂದರು. "ಅರವತ್ತಕ್ಕೂ ಟಿಕ್ ಹಾಕಿದ್ರಲ್ಲ, ಅದು?" ಅಂದೆ. ಸ್ವಲ್ಪ ಖಾರವಾಯಿತೇನೋ. ಆದರೆ ಒಪ್ಪಿದರು.

ಆ ಹುಡುಗಿಯ ವಿಷಯದಲ್ಲಿ ಸುತ್ತಿ ಬಳಸಿ ಮಾತಾಡಬೇಡಿ, ಆದದ್ದನ್ನು ಹೇಳಿ ಅಂದಿದ್ದೆ. ಇವರು ಕಾರಿಡಾರಿನಲ್ಲಿ ನಿಲ್ಲಿಸಿ, "ಅವತ್ತು ಓದದೆ ಸಹಿ ಹಾಕಿದ್ದೆ, ತಪ್ಪಾಯ್ತು. ಈಗ ಓದಿದೆ" ಅಂದರಂತೆ. ಹುಡುಗಿ ಒಂದು ನಿಮಿಷ ಯೋಚಿಸಿ, "ಹಾಗಾದ್ರೆ ಮಾರ್ಕ್ಸ್ ಕಡಿಮೆ ಮಾಡ್ತೀರಾ ಮಿಸ್?" ಅಂದಳಂತೆ. ಇದನ್ನು ಹೇಳುವಾಗ ಟೀಚರ್ ನಕ್ಕರು, ನಗುತ್ತಲೇ ಕಣ್ಣು ಒರೆಸಿಕೊಂಡರು.

ಚೇತರಿಸಲು ಎಂಟು ತಿಂಗಳು ಹಿಡಿಯಿತು. ಮೊದಲು ಮರಳಿ ಬಂದದ್ದು ಖುಷಿಯಲ್ಲ, ಸಿಟ್ಟು. ಹುಡುಗನೊಬ್ಬ ಪಕ್ಕದವನ ಪ್ರಬಂಧ ಅಕ್ಷರವೂ ಬಿಡದೆ ನಕಲು ಮಾಡಿದ್ದಕ್ಕೆ ಮೈಯೆಲ್ಲ ಉರಿಯಿತು ಅಂತ ದೂರು ಹೇಳುವವರಂತೆ ಹೇಳಿದರು. ನನಗೆ ಒಳಗೊಳಗೇ ಸಮಾಧಾನ. ಏನೂ ಅನ್ನಿಸದೆ ಪುಸ್ತಕ ಮುಚ್ಚಿದವರಿಗೆ ಮತ್ತೆ ಏನೋ ಅನ್ನಿಸಿತ್ತು. ನಿದ್ದೆ ಆಮೇಲೆ ಸರಿಹೋಯಿತು. ಹೊಸ ಪಾಠ ಕಟ್ಟುವ ಆಸೆ ಎಲ್ಲಕ್ಕಿಂತ ಕೊನೆಗೆ ಬಂತು.

ಹೋದ ಪರೀಕ್ಷೆ ಹೊತ್ತಿಗೆ ಭಾನುವಾರದ ಹೊಟ್ಟೆ ಸಂಕಟ ಎರಡು ವಾರ ಮತ್ತೆ ಕಾಣಿಸಿಕೊಂಡು ಫೋನ್ ಮಾಡಿದರು. "ಫೋನ್ ಎಲ್ಲಿ ಮಲಗ್ತಿದೆ?" ಅಂತ ಕೇಳಿದೆ. ಸ್ವಲ್ಪ ಹೊತ್ತು ಸದ್ದಿಲ್ಲ. "ದಿಂಬಿನ ಪಕ್ಕ ಸರ್" ಅಂದರು. ಪತ್ರ ವಾಪಸ್ ಬೇಕಾ ಅಂತಲೂ ಕೇಳಿದೆ. ಮೂರು ತಿಂಗಳು ಯಾವತ್ತೋ ಕಳೆದಿತ್ತು. "ಅಲ್ಲೇ ಇರಲಿ, ಮುಂದಿನ ತಿಂಗಳು ಬಂದಾಗ ನೋಡೋಣ" ಅಂದು, ಫೋನ್ ಹೊರಗಿಡಲು ಎದ್ದರು.