ಮುಟ್ಟಿನ ದಿನಗಳಲ್ಲಿ ಕುಸ್ತಿ ಹುಡುಗಿಯರ ತಾಲೀಮು ಕಡಿಮೆ ಮಾಡಬೇಕಾ?

ಕುಸ್ತಿ, ಜೂಡೋ, ಬಾಕ್ಸಿಂಗ್ ಆಡುವ ಹುಡುಗಿಯರಿಗೆ ಮುಟ್ಟಿನ ಚಕ್ರ ನೋಡಿಕೊಂಡು ತಾಲೀಮು ಕೊಡಬೇಕಾ, ತಾಲೀಮಿನ ಹೊರೆಯನ್ನು (ಮೈಗೆ ಬೀಳುವ ಶ್ರಮವನ್ನು) ಹೇಗೆ ಅಳೆಯುವುದು ಎಂದು ಕೇಳಿದ್ದೀರಿ.

ಎಲ್ಲರಿಗೂ ಒಂದೇ ಕ್ಯಾಲೆಂಡರ್ ಹಾಕಬೇಡಿ. ಒಬ್ಬಳಿಗೆ ಮೊದಲ ದಿನ ಎದ್ದು ನಿಲ್ಲಲೂ ಆಗುವುದಿಲ್ಲ, ಇನ್ನೊಬ್ಬಳಿಗೆ ಏನೂ ಅನ್ನಿಸುವುದಿಲ್ಲ.

ಹೊರೆ ಅಳೆಯಲು ದುಬಾರಿ ಸಾಧನ ಬೇಡ. ತಾಲೀಮು ಮುಗಿದು ಅರ್ಧ ಗಂಟೆ ಆದಮೇಲೆ, 0ರಿಂದ 10ರೊಳಗೆ ಎಷ್ಟು ಕಷ್ಟ ಆಯ್ತು ಎಂದು ಕೇಳಿ. ಅದನ್ನು ನಿಮಿಷಗಳಿಂದ ಗುಣಿಸಿ. 90 ನಿಮಿಷ, ಕಷ್ಟ 7 ಅಂದರೆ ಹೊರೆ 630. ಪಕ್ಕದಲ್ಲೇ ಚಕ್ರದ ಎಷ್ಟನೇ ದಿನ, ನಿದ್ದೆ, ಹೊಟ್ಟೆನೋವು, ಬೆಳಗಿನ ತೂಕ ಬರೆಯಿರಿ. ಮೂರ್ನಾಲ್ಕು ಚಕ್ರ ಬರೆದರೆ ಅವಳದೇ ಲಯ ಕಾಣತೊಡಗುತ್ತದೆ. ಅದೇ ತಾಲೀಮಿಗೆ 6ರ ಬದಲು 8 ಹೇಳುವ ದಿನಗಳು ಪ್ರತಿ ತಿಂಗಳು ಅಲ್ಲೇ ಬಂದರೆ, ಆಗ ಸ್ಪಾರಿಂಗ್ (ಜೊತೆಗಾರರೊಂದಿಗೆ ಅಭ್ಯಾಸದ ಕಾದಾಟ) ಸುತ್ತು ಕಡಿಮೆ ಮಾಡಿ. ಗರ್ಭನಿರೋಧಕ ಮಾತ್ರೆ ನುಂಗುವವರ ಹಾರ್ಮೋನ್ ಏರಿಳಿತವೇ ಬೇರೆ. ಅವರ ಲೆಕ್ಕ ಇದರಲ್ಲಿ ಬೆರೆಸಬೇಡಿ.

ತೂಕದ ವಿಷಯ ಕೋಚ್‌ಗಳು ಮರೆಯುವುದೇ ಜಾಸ್ತಿ. ಮುಟ್ಟಿಗೆ ಮುಂಚೆ ಮೈಯಲ್ಲಿ ನೀರು ನಿಂತು ತೂಕ ಏರಬಹುದು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ವಿನೇಶ್ ಫೋಗಟ್ 50 ಕೆಜಿ ಫೈನಲ್ ಕಳೆದುಕೊಂಡದ್ದು ಬರೀ 100 ಗ್ರಾಂ ತೂಕ ಹೆಚ್ಚಾಗಿ ಅನರ್ಹರಾಗಿದ್ದಕ್ಕೆ ಅಲ್ವಾ? ಅವರ ಮೇಲ್ಮನವಿಯಲ್ಲಿ ಈ ಕಾರಣವೂ ಇತ್ತು.

ಇನ್ನು, ಮುಟ್ಟು ಮೂರು ತಿಂಗಳು ನಿಂತರೆ ಸುಮ್ನೆ ಬಿಡಬೇಡಿ. ತಾಲೀಮಿಗೆ ತಕ್ಕ ಊಟ ಸಾಲದೆ ಹಾಗಾಗಿರಬಹುದು, ಮೂಳೆಯೂ ಸವೆಯುತ್ತದೆ. ವೈದ್ಯರಿಗೆ ತೋರಿಸಿ.