ಪೆನ್‌ಡ್ರೈವ್ ತುಂಬಿದೆ, ಫೈಲುಗಳು ಮಾತ್ರ ಕಾಣುತ್ತಿಲ್ಲ

ಪ್ರಶ್ನೆ: ಪೆನ್‌ಡ್ರೈವ್ ತೆರೆದರೆ ಒಂದು ಶಾರ್ಟ್‌ಕಟ್ ಬಿಟ್ಟು ಬೇರೇನೂ ಇಲ್ಲ. ಪ್ರಾಪರ್ಟೀಸ್‌ನಲ್ಲಿ 11 ಜಿಬಿ ತುಂಬಿದೆ ಎಂದಿದೆ. ವಿಂಡೋಸ್ 11ರಲ್ಲಿ ‘ಹಿಡನ್ ಐಟಮ್ಸ್’ ಆನ್ ಮಾಡಿದರೂ ಏನೂ ಬರಲಿಲ್ಲ. ಫಾರ್ಮ್ಯಾಟ್ ಮಾಡಬೇಕೇ?

ಉತ್ತರ: ಮಾಡಲೇಬೇಡಿ. ಜಾಗ ತುಂಬಿದೆ ಎಂದಿದ್ದರೆ ಫೈಲುಗಳು ಅಲ್ಲೇ ಇರುವ ಸಾಧ್ಯತೆ ಹೆಚ್ಚು. ಆ ಶಾರ್ಟ್‌ಕಟ್ ಮೇಲೆ ಡಬಲ್ ಕ್ಲಿಕ್ಕನ್ನೂ ಮಾಡಬೇಡಿ. ಇದು ಶಾರ್ಟ್‌ಕಟ್ ವೈರಸ್ಸಿನ ಲಕ್ಷಣ. ಅದನ್ನು ತೆರೆದರೆ ವೈರಸ್ ಚಾಲೂ ಆಗಿ ಕಂಪ್ಯೂಟರಿಗೂ ಹತ್ತುತ್ತದೆ.

ವಿಂಡೋಸ್‌ನಲ್ಲಿ ಫೈಲಿಗೆ ‘ಹಿಡನ್’ ಮತ್ತು ‘ಸಿಸ್ಟಮ್’ ಎಂಬ ಎರಡು ಬೇರೆ ಬೇರೆ ಗುರುತುಗಳಿವೆ. ವೈರಸ್ ಎರಡನ್ನೂ ಹಾಕಿರುತ್ತದೆ. ನೀವು ಆನ್ ಮಾಡಿದ್ದು ಮೊದಲನೆಯದನ್ನು ಮಾತ್ರ ತೋರಿಸುತ್ತದೆ, ಅದಕ್ಕೇ ಏನೂ ಬರಲಿಲ್ಲ.

ಮೊದಲು ಆಂಟಿವೈರಸ್‌ನಿಂದ ಕಂಪ್ಯೂಟರ್, ಪೆನ್‌ಡ್ರೈವ್ ಎರಡನ್ನೂ ಸ್ಕ್ಯಾನ್ ಮಾಡಿ. ಇಲ್ಲದಿದ್ದರೆ ಫೈಲುಗಳನ್ನು ಹೊರತೆಗೆದ ಕೂಡಲೇ ಮತ್ತೆ ಮಾಯವಾಗುತ್ತವೆ. ಆಮೇಲೆ ಫೈಲ್ ಎಕ್ಸ್‌ಪ್ಲೋರರ್‌ನ ಮೇಲಿರುವ ಮೂರು ಚುಕ್ಕೆ ಒತ್ತಿ, ‘ಆಪ್ಷನ್ಸ್’ಗೆ ಹೋಗಿ, ‘ವ್ಯೂ’ ಟ್ಯಾಬ್‌ನಲ್ಲಿ ‘ಹೈಡ್ ಪ್ರೊಟೆಕ್ಟೆಡ್ ಆಪರೇಟಿಂಗ್ ಸಿಸ್ಟಮ್ ಫೈಲ್ಸ್’ ಎಂಬುದರ ಟಿಕ್ ತೆಗೆಯಿರಿ. ಎಚ್ಚರಿಕೆ ಬಂದರೆ ‘ಯೆಸ್’ ಒತ್ತಿ. ಈಗ ಮಸುಕು ಬಣ್ಣದ ಫೋಲ್ಡರ್ ಕಾಣಬೇಕು. ಎಷ್ಟೋ ಸಲ ಅದಕ್ಕೆ ಹೆಸರೇ ಇರುವುದಿಲ್ಲ, ಐಕಾನಿನ ಕೆಳಗೆ ಖಾಲಿ ಇರುತ್ತದೆ. ಪಕ್ಕದಲ್ಲಿ ‘ಸಿಸ್ಟಮ್ ವಾಲ್ಯೂಮ್ ಇನ್ಫರ್ಮೇಷನ್’ ಕಂಡರೆ ಗಾಬರಿ ಬೇಡ, ಅದು ವಿಂಡೋಸಿನದ್ದೇ.

ಆ ಫೋಲ್ಡರಿನ ಪ್ರಾಪರ್ಟೀಸ್‌ನಲ್ಲಿ ‘ಹಿಡನ್’ ಟಿಕ್ ತೆಗೆಯಲು ಹೋದರೆ ಅದು ಮಸುಕಾಗಿರುತ್ತದೆ, ಒತ್ತಲು ಬರುವುದಿಲ್ಲ. ಸಿಸ್ಟಮ್ ಗುರುತು ಇರುವವರೆಗೆ ಹಾಗೆಯೇ. ಆದೇಶಗಳನ್ನು ಟೈಪ್ ಮಾಡುವ ಕಮಾಂಡ್ ಪ್ರಾಂಪ್ಟ್‌ನಲ್ಲಿ, ಗುರುತು ಬದಲಿಸುವ ‘ಆಟ್ರಿಬ್’ ಕಮಾಂಡಿಗೆ ಮೈನಸ್ ಎಚ್ (ಹಿಡನ್), ಮೈನಸ್ ಎಸ್ (ಸಿಸ್ಟಮ್) ಎರಡನ್ನೂ ಒಟ್ಟಿಗೆ ಕೊಟ್ಟರೆ ಗುರುತುಗಳು ಹೋಗುತ್ತವೆ. ಎಚ್ ಒಂದನ್ನೇ ಕೊಟ್ಟರೆ ಅದು ಒಪ್ಪುವುದಿಲ್ಲ. ಆದರೆ ಹೆಸರಿಲ್ಲದ ಫೋಲ್ಡರಿಗೆ ಕಮಾಂಡ್ ಬರೆಯುವುದೇ ಕಷ್ಟ. ಸುಲಭದ ದಾರಿಯೆಂದರೆ, ಅದನ್ನು ತೆರೆದು ನಿಮ್ಮ ಫೋಟೊ, ದಾಖಲೆಗಳನ್ನಷ್ಟೇ ಆರಿಸಿ ಕಂಪ್ಯೂಟರಿನಲ್ಲಿ ಹೊಸ ಫೋಲ್ಡರಿಗೆ ಕಾಪಿ ಮಾಡುವುದು. ಪರಿಚಯವಿಲ್ಲದ ಸ್ಕ್ರಿಪ್ಟ್, ಪ್ರೋಗ್ರಾಮ್ ಫೈಲುಗಳನ್ನು ಮುಟ್ಟಬೇಡಿ. ಕಾಪಿಯಾದದ್ದು ಸರಿಯಾಗಿ ತೆರೆಯುತ್ತದೆ ಎಂದು ಖಚಿತವಾದ ಮೇಲೆಯೇ ಪೆನ್‌ಡ್ರೈವ್ ಫಾರ್ಮ್ಯಾಟ್ ಮಾಡಿ.

ಕೆಲಸ ಮುಗಿದ ಮೇಲೆ ತೆಗೆದ ಟಿಕ್ಕನ್ನು ಮರಳಿ ಹಾಕಿ. ಹಾಗೇ ಬಿಟ್ಟರೆ ಡೆಸ್ಕ್‌ಟಾಪಿನಲ್ಲಿ ‘ಡೆಸ್ಕ್‌ಟಾಪ್ ಡಾಟ್ ಐಎನ್ಐ’ಯಂಥ ಫೈಲುಗಳು ಕಾಣಿಸುತ್ತವೆ. ಕಸವೆಂದು ಡಿಲೀಟ್ ಮಾಡುವವರು ಸಿಸ್ಟಮ್ಮಿಗೆ ಬೇಕಾದ ಫೈಲುಗಳನ್ನೂ ಅಳಿಸಿಬಿಡುತ್ತಾರೆ.

ಪ್ರಶ್ನೆ: ಖಾಸಗಿ ದಾಖಲೆಗಳ ಫೋಲ್ಡರನ್ನು ಹಿಡನ್ ಮಾಡಿಟ್ಟರೆ ಸಾಕೇ?

ಉತ್ತರ: ಸಾಲದು. ವಿಂಡೋಸ್‌ನಲ್ಲಿ ಒಂದು ಟಿಕ್, ಮ್ಯಾಕ್‌ನ ಫೈಂಡರ್‌ನಲ್ಲಿ ಕಮಾಂಡ್, ಶಿಫ್ಟ್, ಚುಕ್ಕೆ ಒಟ್ಟಿಗೆ, ಉಬುಂಟುವಿನ ಫೈಲ್ಸ್‌ನಲ್ಲಿ ಕಂಟ್ರೋಲ್ ಮತ್ತು ಎಚ್: ಇಷ್ಟಕ್ಕೇ ಎಲ್ಲವೂ ಕಾಣುತ್ತದೆ. ಅದರ ಬದಲು, ಫೈಲುಗಳನ್ನು ಒಂದೇ ಕಟ್ಟಾಗಿ ಮಾಡುವ 7-ಜಿಪ್ ಎಂಬ ತಂತ್ರಾಂಶದಲ್ಲಿ 7ಝಡ್ ಮಾದರಿ ಆರಿಸಿ, ಪಾಸ್‌ವರ್ಡ್ ಕೊಟ್ಟು, ‘ಎನ್‌ಕ್ರಿಪ್ಟ್ ಫೈಲ್ ನೇಮ್ಸ್’ ಟಿಕ್ ಮಾಡಿ. ಆಗ ಒಳಗಿನ ಫೈಲುಗಳ ಹೆಸರೂ ಬೇರೆಯವರಿಗೆ ಕಾಣುವುದಿಲ್ಲ. ಪಾಸ್‌ವರ್ಡ್ ಮರೆತರೆ ಮಾತ್ರ ನಿಮಗೂ ದಾರಿಯಿಲ್ಲ.